ಚಾವಡಿಯ ಹಿಂದಿನ ಗೋಡೆ

ಅದು ೧೯೭೮ನೇ ಇಸವಿಯ ಬೇಸಿಗೆ. ದಾವಣಗೆರೆಯಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಒಂದು ವರ್ಷ ಮನೆಯಲ್ಲೇ ಕುಳಿತಿದ್ದ ನನಗೆ ಚನ್ನಗಿರಿಯ ಒಬ್ಬ ಕಂಟ್ರಾಕ್ಟರರ ಹತ್ತಿರ ಕೆಲಸ ಸಿಕ್ಕಿತ್ತು. ಆಗ ಅವರ ಕೆಲಸಗಳು ಸುತ್ತಲಿನ ಊರುಗಳಲ್ಲೆಲ್ಲ ನಡೆಯುತ್ತಿದ್ದವು. ನಲ್ಲೂರಿನಲ್ಲಿ ಸೊಸೈಟಿಯ ಗೋಡೌನು, ಬಸವಾಪಟ್ಟಣದಲ್ಲಿ ಶಾಲೆಯ ಎರಡು ಕೋಣೆ, ಹೊನ್ನಾಳಿ ರಸ್ತೆಯಲ್ಲಿ ನಾಲ್ಕೈದು ಮೋರಿ. ಕಟ್ಟುವ ಕೆಲಸದಷ್ಟೇ ಕೆಡವುವ ಕೆಲಸವೂ ಇರುತ್ತಿತ್ತು. ಹಳೆಯ ಹೆಂಚಿನ ಕಟ್ಟಡ ತೆಗೆದು ಆರ್‌ಸಿಸಿ ಹಾಕುವುದೆಂದರೆ ಆಗ ಪ್ರತಿ ಊರಿಗೂ ಒಂದು ಹೆಮ್ಮೆ.

ನನ್ನ ಹೆಮ್ಮೆಯೂ ಕಡಿಮೆಯದಲ್ಲ. ನಾನು ಬರೀ ಡಿಪ್ಲೊಮಾ ಮಾಡಿದವನು, ಇಪ್ಪತ್ತಮೂರು ವರ್ಷ. ಆದರೂ ಕೂಲಿಯವರು ನನ್ನನ್ನು ‘ಇಂಜಿನಿಯರ್ರು’ ಎನ್ನುತ್ತಿದ್ದರು. ಮೊದಲ ಸಲ ಹಾಗೆ ಕರೆದಾಗ ‘ನಾನು ಇಂಜಿನಿಯರ್ ಅಲ್ಲಪ್ಪ’ ಎಂದಿದ್ದೆ. ಎರಡನೇ ಸಲದಿಂದ ಸುಮ್ಮನಾದೆ.

ಆ ವರ್ಷ ನ್ಯಾಮತಿ ಹತ್ತಿರದ ಒಂದು ಹಳ್ಳಿಯಲ್ಲಿ ಹಳೆಯ ಚಾವಡಿ ತೆಗೆದು ಪಂಚಾಯ್ತಿ ಆಫೀಸು ಕಟ್ಟುವ ಕೆಲಸಕ್ಕೆ ಕಂಟ್ರಾಕ್ಟರರು ನನ್ನನ್ನು ಕಳಿಸಿದರು. ಮೊದಲ ಬಾರಿಗೆ ಒಂದು ಸೈಟು ಪೂರ್ತಿಯಾಗಿ ನನ್ನ ಕೈಗೆ ಬಂದಿತ್ತು. ಪಟೇಲರು, ಶಾನುಭೋಗರು ಕುಳಿತು ಕಂದಾಯ ವಸೂಲಿ ಮಾಡಿದ ಜಾಗವಂತೆ ಅದು. ಕಲ್ಲು ಮತ್ತು ಕೆಸರು ಮಣ್ಣಿನಲ್ಲಿ ಕಟ್ಟಿದ ಗೋಡೆಗಳು, ಎರಡು ಅಡಿಗೂ ಹೆಚ್ಚು ದಪ್ಪ. ಮುಂದೆ ವಿಶಾಲವಾದ ಬಯಲು. ಹಿಂದೆ ಮಾತ್ರ ಒಬ್ಬರೇ ನಡೆಯುವಷ್ಟು ಅಗಲದ ಗಲ್ಲಿ, ಅದರಲ್ಲಿ ಊರಿನ ಬಚ್ಚಲ ನೀರು ಹರಿಯುವ ಚರಂಡಿ. ಗಲ್ಲಿಯ ಆಚೆ ಬದಿಗೆ ಒಂದು ತಗಡಿನ ಮಾಡು. ಅಲ್ಲಿ ನಿಂಗಮ್ಮ ಎಂಬ ಹೆಂಗಸು ಒಲೆ ಹೂಡಿ ಮಂಡಕ್ಕಿ, ಶೇಂಗಾ ಹುರಿದು ಸಂತೆಗೆ ಒಯ್ಯುತ್ತಿದ್ದಳು. ಗಂಡ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಆ ಮಾಡಿನ ಕೆಳಗೇ ಇರುತ್ತಿದ್ದಳು.

ಕಟ್ಟಡ ಬಿಚ್ಚುವ ಕೆಲಸಕ್ಕೆಂದೇ ಕಂಟ್ರಾಕ್ಟರರು ಹೊನ್ನಾಳಿ ಕಡೆಯಿಂದ ದುರುಗಪ್ಪ ಎಂಬುವನನ್ನು ಕರೆಸಿದ್ದರು. ಐವತ್ತೈದರ ಆಸುಪಾಸಿನ ಸಣಕಲು ಮನುಷ್ಯ. ಎಲೆ ಅಡಿಕೆ ಬಿಟ್ಟರೆ ಬೇರೆ ಚಟವಿಲ್ಲ. ಚಹಾ ಕೊಟ್ಟರೂ ಬೇಡ ಎನ್ನುವವನು. ದಿನಾ ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು ಕಟ್ಟಡದ ಸುತ್ತ ಒಂದು ಸುತ್ತು ಬಂದು, ಹಾರೆಯ ಹಿಂಬದಿಯಿಂದ ಗೋಡೆಯನ್ನು ಅಲ್ಲಲ್ಲಿ ಕುಟ್ಟಿ ಕಿವಿ ಕೊಟ್ಟು ಕೇಳುತ್ತಿದ್ದ. ನಾನೂ ಚಿಕ್ಕ ವಯಸ್ಸಿನ ಗಾರೆಯವರೂ ‘ಮುದುಕ ಗೋಡೆಗೆ ಯೋಗಕ್ಷೇಮ ವಿಚಾರಿಸ್ತಾನೆ’ ಎಂದು ನಗುತ್ತಿದ್ದೆವು. ಅವನಿಗೆ ಕೇಳಿಸುತ್ತಿತ್ತು. ಅವನೂ ನಗುತ್ತಿದ್ದ.

ಹೆಂಚು, ಜಂತೆ, ತೊಲೆ ಎಲ್ಲ ಇಳಿದವು. ಮೂರು ಗೋಡೆಗಳನ್ನು ಅವನು ಮೇಲಿನಿಂದ ಒಂದೊಂದೇ ವರಸೆ ಕಲ್ಲು ಬಿಡಿಸುತ್ತ ನೆಲಕ್ಕೆ ತಂದ. ಒಂದು ಕಲ್ಲೂ ಒಡೆಯಲಿಲ್ಲ, ಯಾರ ಕಾಲ ಮೇಲೂ ಬೀಳಲಿಲ್ಲ. ಆದರೆ ದಿನಗಳು ಹೋಗುತ್ತಿದ್ದವು. ಅಷ್ಟರಲ್ಲಿ ಕಂಟ್ರಾಕ್ಟರರು ಬಂದು, ಸೋಮವಾರ ಗುದ್ದಲಿ ಪೂಜೆ, ದೊಡ್ಡವರೆಲ್ಲ ಬರುತ್ತಾರೆ, ಅಷ್ಟರೊಳಗೆ ನೆಲ ಚೊಕ್ಕಟ ಆಗಿರಬೇಕು ಎಂದರು. ‘ಆಗುತ್ತಾ ನಿನ್ನ ಕೈಲಿ?’ ಎಂದು ಕೇಳಿದರು. ‘ಆಗುತ್ತೆ ಸಾರ್’ ಎಂದೆ. ದುರುಗಪ್ಪನನ್ನು ಒಂದು ಮಾತೂ ಕೇಳದೆ ಹೇಳಿಬಿಟ್ಟೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಹಿಂದಿನ ಗೋಡೆ ಇನ್ನೂ ಹಾಗೇ ನಿಂತಿತ್ತು. ಹನ್ನೆರಡು ಅಡಿ ಎತ್ತರ.

‘ಇದಕ್ಕೆ ಎಷ್ಟು ಹೊತ್ತು ಬೇಕು?’ ಎಂದು ಕೇಳಿದೆ.

‘ಹೊತ್ತಲ್ಲ ಸಾಮಿ, ನಾಕು ದಿನ ಬೇಕು’ ಎಂದ ದುರುಗಪ್ಪ. ‘ಉಳಿದ ಮೂರು ಗೋಡೆ ಬ್ಯಾರೆ, ಇದು ಬ್ಯಾರೆ. ಚರಂಡಿ ನೀರು ಕುಡಿದು ಕುಡಿದು ಇದರ ಬುಡ ಮೆತ್ತಗಾಗೈತೆ. ಹಿಂದಕ್ಕೆ ಹೊಟ್ಟೆ ಬಿಟ್ಟೈತೆ. ಬರ್ರಿ, ತೋರಿಸ್ತೀನಿ.’

ಆ ಗಲ್ಲಿಗೆ ನಾನು ಒಂದು ದಿನವೂ ಕಾಲಿಟ್ಟಿರಲಿಲ್ಲ. ಗಬ್ಬು ವಾಸನೆ, ಕೆಸರು. ನನ್ನ ಕಾಲಲ್ಲಿ ಹೊಸ ಬಾಟಾ ಚಪ್ಪಲಿ. ನಾನು ಈ ಕಡೆಯಿಂದಲೇ ಗೋಡೆಗೆ ತೂಕದ ಗುಂಡು ಇಳಿಬಿಟ್ಟು ನೋಡಿದೆ. ಈ ಬದಿ ನೆಟ್ಟಗೇ ಇತ್ತು.

‘ನೋಡು, ಸರಿಯಾಗೇ ಇದೆಯಲ್ಲ. ಈ ಬದಿ ಬುಡ ಕಡಿದು, ಮೇಲೆ ಹಗ್ಗ ಕಟ್ಟಿ ಮುಂದಕ್ಕೆ ಎಳೆದರೆ ಬಯಲಿಗೆ ಬೀಳುತ್ತೆ. ಅರ್ಧ ಗಂಟೆ ಕೆಲಸ’ ಎಂದೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಎಲ್ಲೂ ನೋಡಿರಲಿಲ್ಲ. ಆ ಕ್ಷಣಕ್ಕೆ ಹೊಳೆದದ್ದು, ಹೇಳಿದೆ.

‘ಬ್ಯಾಡ ಸಾಮಿ. ಮಣ್ಣಿನ ಗೋಡೆ ಹಗ್ಗದ ಮಾತು ಕೇಳಂಗಿಲ್ಲ. ಅದು ಎತ್ತ ವಾಲೈತೋ ಅತ್ತಗೇ ಹೋಗ್ತೈತೆ. ಇಳಿಸಬೇಕು, ಕೆಡವಬಾರದು.’

ಸುತ್ತ ಕೂಲಿಯವರು ನಿಂತಿದ್ದರು. ಹಳ್ಳಿಯ ನಾಲ್ಕು ಜನ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಅವರೆಲ್ಲರ ಮುಂದೆ ಓದು ಬರಹ ಬಾರದ ಒಬ್ಬ ಮನುಷ್ಯ ನನಗೆ ಬೇಡ ಎಂದದ್ದನ್ನು ನನ್ನಿಂದ ಸಹಿಸಲಾಗಲಿಲ್ಲ.

‘ಇಂಜಿನಿಯರ್ ನೀನೋ ನಾನೋ? ಆಗಲ್ಲ ಅಂದ್ರೆ ಹಾರೆ ಕೆಳಗಿಟ್ಟು ಊರಿಗೆ ಹೋಗು. ಬೇರೆಯವರ ಕೈಲಿ ಮಾಡಿಸ್ತೀನಿ’ ಎಂದೆ. ನನ್ನ ತಂದೆಯ ವಯಸ್ಸಿನವನಿಗೆ ಹಾಗೆಂದೆ.

ಅವನು ಹಾರೆ ಕೆಳಗಿಟ್ಟ. ಆದರೆ ಊರಿಗೆ ಹೋಗಲಿಲ್ಲ. ಸ್ವಲ್ಪ ದೂರ ಹೋಗಿ ನಿಂತ. ಬೇರೆ ಇಬ್ಬರು ಬುಡ ಕಡಿಯತೊಡಗಿದರು. ಗೋಡೆಯ ನೆತ್ತಿಗೆ ಎರಡು ಕಡೆ ಹಗ್ಗ ಬಿಗಿದಾಯಿತು. ಹತ್ತು ಜನ ಹಗ್ಗ ಹಿಡಿದು ಬಯಲಲ್ಲಿ ನಿಂತರು. ಆಗ ದುರುಗಪ್ಪ ಮತ್ತೆ ನನ್ನ ಹತ್ತಿರ ಬಂದ.

‘ನಿಂಗಮ್ಮನ್ನ ಎಬ್ಬಿಸಿ ಆಚಿಗೆ ಕಳಿಸಿ ಬರ್ತೀನಿ. ನಾನು ಬರಾಗಂಟ ತಡೀರಿ.’

‘ಬೇಗ ಹೋಗಿ ಬಾ’ ಎಂದೆ.

ಅವನು ಗಲ್ಲಿಯ ಕಡೆ ಹೋದ. ನಾನು ಕಾಯುತ್ತ ನಿಂತೆ. ಬಿಸಿಲು ಜೋರಾಗಿತ್ತು, ಕಟ್ಟೆಯ ಮೇಲಿದ್ದವರೂ ಎದ್ದು ಮನೆಗೆ ಹೋಗಿದ್ದರು. ಹಗ್ಗ ಹಿಡಿದವರು ‘ಏನ್ ಸಾರ್, ಎಳೆಯಾದಾ?’ ಎಂದು ಕೇಳುತ್ತಿದ್ದರು. ಎಷ್ಟು ಹೊತ್ತಾಯಿತೋ, ಐದು ನಿಮಿಷವೂ ಇರಲಾರದು. ಗಲ್ಲಿಯ ಬಾಯಲ್ಲಿ ಒಬ್ಬ ಹೆಂಗಸು ಹಾದುಹೋದಂತೆ ಕಂಡಿತು. ನಿಂಗಮ್ಮನೇ ಇರಬೇಕು, ಹೊರಗೆ ಬಂದಳು ಅಂದುಕೊಂಡೆ. ಮುಖ ನೋಡಲಿಲ್ಲ. ದುರುಗಪ್ಪ ಇನ್ನೂ ಬಂದಿರಲಿಲ್ಲ. ಅವನು ನನ್ನನ್ನು ಬೇಕೆಂದೇ ಕಾಯಿಸುತ್ತಿದ್ದಾನೆ ಎನ್ನಿಸಿತು.

‘ಎಳೀರಿ’ ಎಂದೆ.

ಹತ್ತು ಜನ ಒಟ್ಟಿಗೆ ಎಳೆದರು. ಗೋಡೆಯ ನೆತ್ತಿ ಒಂದು ಗೇಣಿನಷ್ಟು ಮುಂದಕ್ಕೆ ಬಾಗಿತು. ಆಮೇಲೆ ಹಗ್ಗಗಳು ಒಣಮಣ್ಣನ್ನು ಬೆಣ್ಣೆ ಕೊಯ್ದಂತೆ ಕೊಯ್ದುಕೊಂಡು ಮೇಲೆ ಹಾರಿದವು. ಎಳೆಯುತ್ತಿದ್ದವರು ಅಂಗಾತ ಬಿದ್ದರು. ಗೋಡೆ ಒಂದು ಕ್ಷಣ ಹಾಗೇ ನಿಂತು, ನಿಧಾನವಾಗಿ, ನಮ್ಮ ಕಣ್ಣೆದುರಿಗೇ ಹಿಂದಕ್ಕೆ ಹೋಯಿತು. ತಗಡು ಮುರಿದ ಸದ್ದು, ಒಬ್ಬ ಹೆಂಗಸಿನ ಕೂಗು. ಆಮೇಲೆ ಧೂಳು. ಎದುರಿಗಿದ್ದವರ ಮುಖವೂ ಕಾಣದಷ್ಟು ಧೂಳು.

ಆಮೇಲೆ ತಿಳಿದದ್ದು ಇಷ್ಟು. ನಾನು ಕಂಡದ್ದು ನೀರಿಗೆ ಹೊರಟಿದ್ದ ಬೇರೆ ಯಾರೋ ಹೆಂಗಸನ್ನು. ನಿಂಗಮ್ಮ ಹೊರಗೆ ಬಂದವಳು, ಒಲೆಯ ಮೇಲಿದ್ದ ಬಾಣಲೆ ನೆನಪಾಗಿ ಒಳಗೆ ಓಡಿದ್ದಳು. ದುರುಗಪ್ಪ ಅವಳನ್ನು ಕರೆಯಲು ಹಿಂದೆಯೇ ಹೋಗಿದ್ದ. ಗೋಡೆ ಬರುವುದನ್ನು ಕಂಡು ಅವಳನ್ನು ತಬ್ಬಿ ಎತ್ತಿ ಮಾಡಿನ ಆಚೆಗೆ ತಳ್ಳಿದ್ದ. ಅವಳ ಮೊಣಕೈ ತರಚಿತ್ತು, ಅಷ್ಟೇ. ಅವನ ಬಲಗಾಲು ಮಾತ್ರ ಮೊಣಕಾಲಿನ ಮೇಲಿನವರೆಗೆ ಕಲ್ಲು ಮಣ್ಣಿನ ರಾಶಿಯೊಳಗಿತ್ತು.

ಗುದ್ದಲಿ ಹಾಕುವಂತಿರಲಿಲ್ಲ. ಎಲ್ಲರೂ ಕೈಯಿಂದಲೇ ತೋಡಿದೆವು. ನಾನೂ ತೋಡಿದೆ. ಅವನು ಕಿರುಚಲಿಲ್ಲ. ಕಣ್ಣು ಬಿಟ್ಟ ಕೂಡಲೇ ಕೇಳಿದ್ದು, ‘ಆಯಮ್ಮ ಎಲ್ಲಿ?’ ಎಂದು. ‘ಇಲ್ಲೇ ಇದೀನಿ ಕಣಣ್ಣ, ನಂಗೇನೂ ಆಗಿಲ್ಲ’ ಎಂದು ನಿಂಗಮ್ಮ ಅಳುತ್ತ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ಕಾಲು ಹೊರಗೆ ಬಂದಾಗ ನಾನು ನೋಡಲಾರದೆ ಮುಖ ತಿರುಗಿಸಿದೆ. ಯಾರೋ ಗಾಡಿ ಹೂಡಿದರು. ಹುಲ್ಲು ಹಾಸಿ ಅವನನ್ನು ಮಲಗಿಸಿದರು. ಹೊನ್ನಾಳಿ ಆಸ್ಪತ್ರೆಗೆ ಹೋಗಬೇಕಿತ್ತು. ಅಷ್ಟರಲ್ಲಿ ಕಂಟ್ರಾಕ್ಟರರ ಜೀಪು ಬಂತು. ಪೂಜೆಯ ಏರ್ಪಾಟು ನೋಡಲು ಬಂದವರು ಅವರು. ಊರಿಗೆ ಊರೇ ಸೇರಿತ್ತು. ಪಟೇಲರು ಮುಂದೆ ನಿಂತಿದ್ದರು.

‘ಏನ್ರೀ ಇದು? ಹೆಂಗಸು ಒಳಗಿರಬೇಕಾದ್ರೆ ಎಳೀರಿ ಅಂದೋರು ಯಾರು?’ ಎಂದು ಪಟೇಲರು ಕೇಳಿದರು.

ಹಗ್ಗ ಹಿಡಿದಿದ್ದವರೆಲ್ಲ ನೆಲ ನೋಡಿದರು. ಅವರೆಲ್ಲ ನಮ್ಮ ಚನ್ನಗಿರಿ ಕಡೆಯಿಂದ ಬಂದ ಆಳುಗಳು, ನಾಳೆ ಮತ್ತೆ ಇದೇ ಕಂಟ್ರಾಕ್ಟರರ ಕೆಲಸಕ್ಕೆ ಬರಬೇಕಾದವರು. ಕಂಟ್ರಾಕ್ಟರರು ನನ್ನ ಮುಖ ನೋಡಿದರು. ಬಿಳಿಚಿಕೊಂಡಿದ್ದ ನನ್ನ ಮುಖದಲ್ಲೇ ಅವರಿಗೆ ಎಲ್ಲ ತಿಳಿದಿರಬೇಕು. ಗಾಡಿಯ ಕಡೆ ಕೈ ತೋರಿಸಿ, ಎಲ್ಲರಿಗೂ ಕೇಳುವಂತೆ, ‘ಈ ಮುದುಕ ಕುಡಿದುಕೊಂಡು ಗೋಡೆ ಕೆಲಸಕ್ಕೆ ಇಳಿದಿದ್ದಾನೆ. ಹೌದೇನಯ್ಯಾ?’ ಎಂದರು.

ನಾನು ‘ಹೌದು’ ಎಂದೆ.

‘ನೀವು ಕಣ್ಣಾರೆ ಕಂಡಿದ್ರಾ?’ ಎಂದು ಪಟೇಲರು ನನ್ನ ಕಡೆ ತಿರುಗಿದರು.

‘ಬೆಳಿಗ್ಗೆಯಿಂದಲೇ ವಾಸನೆ ಬರುತ್ತಿತ್ತು’ ಎಂದೆ.

ಮೊದಲಿನ ‘ಹೌದು’ ಹೆದರಿಕೆಯಿಂದ ಬಂತು ಎಂದು ಹೇಳಿಕೊಳ್ಳಬಹುದು. ಎರಡನೆಯ ಮಾತನ್ನು ನನ್ನ ಬಾಯಲ್ಲಿ ಯಾರೂ ಇಟ್ಟಿರಲಿಲ್ಲ. ಅದನ್ನು ನಾನೇ ಕಟ್ಟಿದೆ.

ನಿಂಗಮ್ಮ ಏನೋ ಕೂಗಿ ಹೇಳುತ್ತಿದ್ದಳು. ‘ನೀನು ಸುಮ್ನಿರಬೇ, ಗಾಬರಿಯಾಗೈತೆ ನಿಂಗೆ’ ಎಂದು ಯಾರೋ ಅವಳನ್ನು ಪಕ್ಕಕ್ಕೆ ಕರೆದೊಯ್ದರು. ದುರುಗಪ್ಪ ಗಾಡಿಯಲ್ಲಿ ಮಲಗಿದ್ದ. ಎಚ್ಚರವಿತ್ತು. ಅವನ ಕಣ್ಣು ನನ್ನ ಮೇಲಿತ್ತು. ಅವನು ಬಾಯಿ ತೆರೆದು ‘ಇಲ್ಲ’ ಎಂದಿದ್ದರೆ ನನಗೆ ಈಗ ಸ್ವಲ್ಪ ಹಗುರವಾಗುತ್ತಿತ್ತೇನೋ. ಅವನು ಏನೂ ಹೇಳಲಿಲ್ಲ. ಜೀಪು ಅಲ್ಲೇ ನಿಂತಿತ್ತು, ಗಾಡಿ ಹೊರಟಿತು.

ಗುದ್ದಲಿ ಪೂಜೆ ಸೋಮವಾರವೇ ಆಯಿತು. ಬಂದ ದೊಡ್ಡವರಿಗೆ ನಾನೇ ನಕ್ಷೆ ಬಿಡಿಸಿ ತೋರಿಸಿದೆ.

ಆಮೇಲೆ ಎರಡು ಸಲ ಹೊನ್ನಾಳಿಗೆ ಹೋದೆ, ಅವನನ್ನು ನೋಡಬೇಕೆಂದು. ಒಂದು ಸಲ ಬಸ್ ಸ್ಟ್ಯಾಂಡಿನಿಂದಲೇ ವಾಪಸಾದೆ. ಇನ್ನೊಂದು ಸಲ ಆಸ್ಪತ್ರೆಯ ಗೇಟಿನವರೆಗೆ ಹೋದೆ. ಕೈಯಲ್ಲಿ ಬಾಳೆಹಣ್ಣಿನ ಚೀಲವಿತ್ತು. ಒಳಗಿನ ಜಗುಲಿಯಲ್ಲಿ ಒಬ್ಬಳು ಹುಡುಗಿ ಸೀರೆ ಹಿಂಡಿ ಒಣಗಹಾಕುತ್ತಿದ್ದಳು. ಅವನ ಮಗಳಿರಬಹುದು ಎನ್ನಿಸಿತು. ತುಂಗಭದ್ರೆಯ ದಂಡೆಗೆ ಹೋಗಿ ಕುಳಿತು, ಹಣ್ಣಿನ ಚೀಲವನ್ನು ಅಲ್ಲೇ ಬಿಟ್ಟು ಬಂದೆ. ವರ್ಷದೊಳಗೆ ಆ ಕಂಟ್ರಾಕ್ಟರರ ಕೆಲಸ ಬಿಟ್ಟೆ. ನ್ಯಾಯಕ್ಕಾಗಿ ಬಿಡಲಿಲ್ಲ, ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು ಎಂದು ಬಿಟ್ಟೆ. ಮದುವೆಯಾಯಿತು. ಮಕ್ಕಳಾದವು. ಈ ವಿಷಯ ಹೆಂಡತಿಗೂ ಹೇಳಲಿಲ್ಲ.

೧೯೮೫ರಲ್ಲಿ ಜಗಳೂರಿನಲ್ಲಿ ಒಂದು ಹಾಸ್ಟೆಲ್ ಕಟ್ಟುವ ಕೆಲಸದ ಉಸ್ತುವಾರಿ ನನ್ನದಾಗಿತ್ತು. ಅಲ್ಲೂ ಮೊದಲು ಒಂದು ಹಳೆಯ ಕಟ್ಟಡ ತೆಗೆಯಬೇಕಿತ್ತು. ಗೋಡೆ ಬಿಚ್ಚುವವರು ಯಾರಿದ್ದಾರೆ ಎಂದು ವಿಚಾರಿಸಿದಾಗ ಎಲ್ಲರೂ ಗಂಗಮ್ಮನ ಹೆಸರು ಹೇಳಿದರು. ‘ಹೆಂಗಸು ಅಂತ ನೋಡಬ್ಯಾಡ್ರಿ ಸಾರ್, ಆಯಮ್ಮನ ಗುಂಪು ಕೆಲಸ ಮಾಡಿದ್ರೆ ಒಂದು ಕಲ್ಲು ಮುಕ್ಕಾಗಲ್ಲ’ ಎಂದರು.

ಮರುದಿನ ಬೆಳಿಗ್ಗೆ ಗಂಗಮ್ಮ ಬಂದಳು. ಮೂವತ್ತರೊಳಗಿನ ವಯಸ್ಸು. ಆರೇಳು ಜನರ ಗುಂಪು. ನನ್ನ ಹತ್ತಿರ ಮಾತಿಗೂ ನಿಲ್ಲದೆ ಸೀದಾ ಕಟ್ಟಡದ ಹಿಂದಕ್ಕೆ ಹೋಗಿ, ಒಂದು ಸುತ್ತು ಬಂದು, ಹಾರೆಯಿಂದ ಗೋಡೆ ಕುಟ್ಟಿ ಕಿವಿ ಕೊಟ್ಟಳು. ನಾನು ಅವಳ ಹಿಂದೆಯೇ ಹೋದೆ.

‘ಈ ಕೆಲಸ ಯಾರು ಕಲಿಸಿದ್ದಮ್ಮ ನಿಂಗೆ?’ ಎಂದು ಕೇಳಿದೆ.

‘ನಮ್ಮಪ್ಪ ಸಾರ್, ದುರುಗಪ್ಪ ಅಂತ. ನಾವು ಹೊನ್ನಾಳಿ ಕಡೇರು. ನ್ಯಾಮತಿ ಹತ್ರ ಒಂದು ಚಾವಡಿ ಗೋಡಿ ಬಿದ್ದು ಅವನ ಕಾಲು ಹೋತು. ಅದು ಹೋದ್ರೆ ಹೋಗ್ಲಿ ಸಾರ್, ಮುದುಕ ಕುಡಿದು ಗೋಡಿ ಕೆಡವಿದ ಅಂತ ಸುದ್ದಿ ಹಬ್ಬಿಸಿದ್ರು. ಆಮ್ಯಾಕೆ ನಾನು ಗುಂಪು ಕಟ್ಟಿದ್ರೂ ಆ ಕಡೆ ಒಬ್ರೂ ಕೆಲಸಕ್ಕೆ ಕರೀಲಿಲ್ಲ. ಕುಡುಕನ ಗುಂಪು ಅಂತಿದ್ರು. ಅದಕ್ಕೇ ಇಲ್ಲಿಗೆ, ನಮ್ಮವ್ವನ ತವರಿಗೆ ಬಂದ್ವಿ.’

‘ಹಾಗಂತ ಯಾರು ಹೇಳಿದರಂತೆ?’ ಎಂದು ಕೇಳಿದೆ.

‘ಅಪ್ಪ ಹೆಸರು ಹೇಳಂಗಿಲ್ಲ. ಯಾರೋ ಸಣ್ಣ ಹುಡುಗ, ಹೆದ್ರಿಕೊಂಡಿದ್ದ ಅಂತಾನೆ, ಅಷ್ಟೇಯ.’

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಎಂಟು ದಿನ ಅವಳ ಗುಂಪು ಕೆಲಸ ಮಾಡಿತು. ಎಂಟು ದಿನವೂ ನಾನು ಅವಳ ಜೊತೆ ಮಾತಾಡಿದೆ, ಅವಳು ತಂದ ರೊಟ್ಟಿ ಚಟ್ನಿಯನ್ನು ಒಂದು ದಿನ ತಿಂದೆ ಕೂಡ. ಅವಸರ ಮಾಡದೆ ಎಷ್ಟು ದಿನ ಬೇಕೋ ತೆಗೆದುಕೋ ಎಂದೆ. ಅದರಿಂದ ಅವಳಿಗೆ ನನ್ನ ಮೇಲೆ ಗೌರವ ಹುಟ್ಟಿತು. ಅದು ನನಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಕೆಲಸ ಮುಗಿದ ದಿನ ಅವಳು, ‘ಸಾರ್, ನಮ್ಮ ಮನಿಗೆ ಬರ್ರಿ. ನಮ್ಮ ಮಾತು ಕೇಳೋ ಇಂಜಿನಿಯರ್ರು ಅಂತ ಅಪ್ಪಗೆ ಹೇಳೀನಿ. ನಿಮ್ಮನ್ನ ನೋಡಬೇಕಂತೆ’ ಎಂದಳು. ಬರುವುದಿಲ್ಲ ಎಂದು ಹೇಳಲು ನನಗೆ ನೆಪ ಸಿಗಲಿಲ್ಲ.

ದುರುಗಪ್ಪ ಮನೆಯ ಮುಂದೆ ಚಾಪೆಯ ಮೇಲೆ ಕುಳಿತು ಕತ್ತಾಳೆ ನಾರಿನಿಂದ ಹಗ್ಗ ಹೊಸೆಯುತ್ತಿದ್ದ. ಬಲಗಾಲು ಮಡಿಸಲು ಬಾರದೆ ಕಟ್ಟಿಗೆಯಂತೆ ನೆಟ್ಟಗೆ ಚಾಚಿಕೊಂಡಿತ್ತು. ತಲೆಯೆತ್ತಿ ನನ್ನನ್ನು ನೋಡಿದ. ಏಳು ವರ್ಷದಲ್ಲಿ ನನಗೆ ಮೈ ಬಂದಿತ್ತು, ಕನ್ನಡಕ ಬಂದಿತ್ತು. ಆದರೂ ಅವನಿಗೆ ಒಂದು ಕ್ಷಣ ಸಾಕಾಯಿತು.

‘ಬರ್ರಿ ಇಂಜಿನಿಯರ್ರೆ, ಕುಂತ್ಕಳ್ರಿ. ಗಂಗವ್ವ, ಚಾ ಇಡು’ ಎಂದ. ಮಗಳಿಗೆ ಬೇರೇನೂ ಹೇಳಲಿಲ್ಲ. ಮಕ್ಕಳು ಎಷ್ಟು, ಊರಲ್ಲಿ ತಂದೆ ತಾಯಿ ಹೇಗಿದ್ದಾರೆ ಎಂದು ಕೇಳತೊಡಗಿದ. ನಾನು ಬಾಯಿ ಬಿಡದಿದ್ದರೆ ಆ ದಿನವೂ ಹಾಗೇ ಮುಗಿದುಹೋಗುತ್ತಿತ್ತು. ಚಹಾ ಕುಡಿದು ನಾನು ಒಳ್ಳೆಯವನಾಗಿಯೇ ಎದ್ದು ಬರಬಹುದಿತ್ತು. ಅವನು ಅದಕ್ಕೆ ದಾರಿ ಬಿಟ್ಟುಕೊಟ್ಟಿದ್ದ. ಅದನ್ನೇ ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

‘ದುರುಗಪ್ಪನವರೆ, ಅವತ್ತು ನಾನು ಸುಳ್ಳು ಹೇಳಿದೆ. ನೀವು ಕುಡಿದಿರಲಿಲ್ಲ. ನೀವು ಬರುವವರೆಗೆ ತಡೀರಿ ಅಂದಿದ್ರಿ, ನಾನು ತಡೆಯಲಿಲ್ಲ’ ಎಂದೆ. ಅಳು ಬಂದುಬಿಟ್ಟಿತು.

ಗಂಗಮ್ಮ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ನೋಡಿರಲಿಲ್ಲ.

ದುರುಗಪ್ಪ ಕೈಯಲ್ಲಿದ್ದ ನಾರನ್ನು ಕೆಳಗಿಟ್ಟ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ‘ಇದನ್ನ ನಂಗ್ಯಾಕೆ ಹೇಳ್ತೀರಿ ಸಾಮಿ? ನಾನು ಕುಡಿದಿರಲಿಲ್ಲ ಅಂತ ನಂಗೆ ಗೊತ್ತೈತಲ್ಲ. ಗೊತ್ತಿಲ್ಲದೋರಿಗೆ ಹೋಗಿ ಹೇಳ್ರಿ.’

ಗಂಗಮ್ಮ ಲೋಟವನ್ನು ನನ್ನ ಮುಂದೆ ನೆಲದ ಮೇಲಿಟ್ಟಳು.

‘ಎಂಟು ದಿನ ಜೊತಿಗಿದ್ರಲ್ಲ ಸಾರ್’ ಎಂದಳು. ‘ಎಂಟು ದಿನದಾಗೆ ಒಂದು ದಿನನಾರ ಬಾಯಿ ಬರ್ಲಿಲ್ಲೇನು ನಿಮಗೆ?’

ಚಹಾ ಮುಟ್ಟದೆ ಎದ್ದು ಬಂದೆ.

ಆ ಹಳ್ಳಿಗೆ ಹೋಗಲು ನನಗೆ ಮತ್ತೆ ಐದು ತಿಂಗಳು ಬೇಕಾಯಿತು. ಕೆಲಸ ಇತ್ತು, ಮಗಳಿಗೆ ಜ್ವರ ಬಂತು, ಮಳೆ ಹಿಡಿಯಿತು. ಎಲ್ಲವೂ ನಿಜವೇ. ಆದರೆ ಅವೆಲ್ಲ ಇರದಿದ್ದರೂ ನಾನು ಹೋಗುತ್ತಿರಲಿಲ್ಲ ಎಂಬುದೂ ನಿಜ. ಕೊನೆಗೆ ಒಂದು ಭಾನುವಾರ ಹೆಂಡತಿಗೆ ಎಲ್ಲ ಹೇಳಿದೆ. ಅವಳು, ‘ಬೆಳಿಗ್ಗೆ ಮೊದಲ ಬಸ್ಸಿಗೆ ಎಬ್ಬಿಸ್ತೀನಿ’ ಎಂದಳು.

ಪಂಚಾಯ್ತಿ ಆಫೀಸು ಚೆನ್ನಾಗಿ ನಿಂತಿತ್ತು. ಹಳದಿ ಸುಣ್ಣ ಬಳಿದಿದ್ದರು. ಪಟೇಲರು ತೀರಿಕೊಂಡಿದ್ದರು. ಎದುರಿನ ಕಟ್ಟೆಯ ಮೇಲೆ ನಾಲ್ಕೈದು ಜನ ಹಿರಿಯರು ಕುಳಿತಿದ್ದರು. ನಾನು ಯಾರು ಎಂದು ಹೇಳಿ ಪರಿಚಯ ಮಾಡಿಕೊಂಡೆ. ‘ಓಹೋ, ಈ ಆಫೀಸು ಕಟ್ಟಿದ ಇಂಜಿನಿಯರ್ರಾ!’ ಎಂದು ಜಾಗ ಮಾಡಿಕೊಟ್ಟರು. ನಾನು ಕುಳಿತುಕೊಳ್ಳಲಿಲ್ಲ. ನಿಂತುಕೊಂಡೇ ಹೇಳಿದೆ.

ಅವರಲ್ಲಿ ಒಬ್ಬರು, ‘ಯಾವ ದುರುಗಪ್ಪ? ಕುಡುಕ ದುರುಗಪ್ಪನಾ?’ ಎಂದರು. ಅವರು ತಮಾಷೆಗೆ ಹೇಳಿದ್ದಲ್ಲ. ಆ ಊರಿನಲ್ಲಿ ಅವನಿಗೆ ಉಳಿದಿದ್ದ ಹೆಸರೇ ಅದು.

‘ಅವರು ಕುಡೀತಿರಲಿಲ್ಲ. ಅದು ನಾನು ಹೇಳಿದ ಸುಳ್ಳು’ ಎಂದೆ.

‘ಇರಬಹುದು ಬಿಡ್ರಿ. ಯಾವ ಕಾಲದ ಮಾತು. ಈಗ ಅದನ್ನ ಕೆದಕಿ ಏನಾಗಬೇಕು’ ಎಂದು ಇನ್ನೊಬ್ಬರು ಬೀಡಿ ಹಚ್ಚಿದರು.

ಹೇಳಿಯಾಯಿತು, ಇನ್ನು ಬಸ್ಸು ಹಿಡಿಯೋಣ ಎಂದು ನಾನು ತಿರುಗಿದೆ. ಮನಸ್ಸು ಹಗುರವಾದಂತೆಯೂ ಅನ್ನಿಸಿತ್ತು. ಆಗ ಹಿಂದಿನಿಂದ ಒಂದು ದನಿ, ‘ನಿಂತ್ಕಳ್ರಿ’ ಎಂದಿತು.

ನಿಂಗಮ್ಮ. ಕೂದಲು ಬೆಳ್ಳಗಾಗಿತ್ತು. ಆಫೀಸಿನ ಪಕ್ಕದಲ್ಲಿ ಮಂಡಕ್ಕಿ ಚೀಲ ಇಟ್ಟುಕೊಂಡು ಕುಳಿತಿದ್ದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎದ್ದು ಬಂದು ನನ್ನ ಎದುರಿಗೆ ನಿಂತಳು.

‘ಅವತ್ತು ನನ್ನ ಎತ್ತಿ ಆಚೆ ತಳ್ಳಿದಾಗ ಆಯಪ್ಪನ ಬಾಯಿ ನನ್ನ ಮಖದ ಹತ್ರಾನೇ ಇತ್ತು. ಎಲಡಿಕೆ ವಾಸನೆ ಬಿಟ್ರೆ ಬ್ಯಾರೆ ಇರಲಿಲ್ಲ ಅಂತ ಬಾಯಿ ಬಡ್ಕಂಡೆ. ಯಾರು ಕೇಳಿದ್ರು? ಓದಿದೋರು ನೀವು ಹೌದು ಅಂದ್ರಿ, ಮುಗೀತು. ನನ್ನ ಜೀವ ಉಳಿಸಿದೋನ್ನ ಏಳು ವರ್ಷ ಕುಡುಕ ಅಂತ ಕರೆಯೋದನ್ನ ಈ ಕಿವಿಯಾಗೆ ಕೇಳೀನಿ.’

‘ತಪ್ಪಾಯ್ತಮ್ಮ. ಅದಕ್ಕೇ ಇವತ್ತು ಬಂದು ಹೇಳಿದೆ.’

‘ನಾಕು ಮುದುಕರ ಮುಂದೆ ಮೆಲ್ಲಕೆ ಹೇಳಿದ್ರೆ ಆತಾ? ಅವತ್ತು ಊರೇ ಸೇರಿತ್ತಲ್ಲ, ಅವಾಗ ಹೆಂಗೆ ಹೇಳಿದ್ರಿ, ಈಗ್ಲೂ ಹಂಗೇ ಹೇಳ್ರಿ. ಬರ್ರಿ ನನ್ನ ಹಿಂದೆ.’

ನಾನು ಹೋದೆ. ಮೊದಲು ಹಿಟ್ಟಿನ ಗಿರಣಿಗೆ ಕರೆದುಕೊಂಡು ಹೋದಳು. ಗಿರಣಿ ನಿಲ್ಲಿಸಲು ಹೇಳಿದಳು. ಹಿಟ್ಟು ಮೆತ್ತಿಕೊಂಡ ಹೆಂಗಸರ ಮುಂದೆ ಹೇಳಿದೆ. ನನ್ನ ದನಿ ಸಣ್ಣದಾದಾಗ ‘ಜೋರಾಗಿ’ ಎಂದಳು. ಆಮೇಲೆ ಚಹಾದ ಹೋಟೆಲು. ಅಲ್ಲಿ ಹದಿನೈದು ಇಪ್ಪತ್ತು ಜನರಿದ್ದರು. ಆಮೇಲೆ ಬಸ್ ನಿಲ್ಲುವ ಮರದ ಕೆಳಗೆ. ಕೆಲವರು ನಕ್ಕರು. ಕೆಲವರು ನನಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದರು. ಹೋಟೆಲಿನಲ್ಲಿ ಒಬ್ಬ ಎದ್ದು ನಿಂತು, ‘ಅವತ್ತು ಗಾಡಿ ಹೊಡೆದೋನು ನಾನೇ. ಹೊನ್ನಾಳಿಗಂಟ ದಾರಿಯಾಗೆ ಆ ಮನುಷ್ಯ ಒಂದು ಸಲಾನೂ ನಿಮ್ಮನ್ನ ಬೈಲಿಲ್ಲ. ನಾನೂ ಕುಡುಕ ಅಂತ್ಲೇ ತಿಳ್ಕಂಡಿದ್ದೆ’ ಎಂದು ಕಣ್ಣೊರೆಸಿಕೊಂಡ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಹೇಳಿದರೆ ಹಗುರವಾಗುತ್ತದೆ ಎನ್ನುತ್ತಾರಲ್ಲ, ನನಗೆ ಹಾಗಾಗಲಿಲ್ಲ. ಪ್ರತಿ ಸಲ ಹೇಳಿದಾಗಲೂ ನಾನು ಮಾಡಿದ್ದು ಇನ್ನೂ ದೊಡ್ಡದಾಗಿ ಕಂಡಿತು.

ಬಸ್ಸು ಬಂದಾಗ ನಿಂಗಮ್ಮ ಕಾಗದದಲ್ಲಿ ಕಟ್ಟಿದ ಮಂಡಕ್ಕಿ ನನ್ನ ಕೈಗೆ ಕೊಟ್ಟು, ‘ಇದು ನಿಮಗಲ್ಲ, ಆಯಪ್ಪಗೆ’ ಎಂದಳು.

ಜಗಳೂರಿಗೆ ಹೋಗಿ ಕೊಟ್ಟೆ. ದುರುಗಪ್ಪ ಪೊಟ್ಟಣ ಬಿಚ್ಚಿ ಒಂದು ಹಿಡಿ ಬಾಯಿಗೆ ಹಾಕಿಕೊಂಡ. ‘ನಿಂಗಮ್ಮ ಹೆಂಗೈದಾಳೆ?’ ಎಂದು ಕೇಳಿದ. ಚೆನ್ನಾಗಿದ್ದಾಳೆ ಎಂದೆ. ಮೂರು ಕಡೆ ನಿಂತು ಹೇಳಿದ್ದನ್ನು ಹೇಳಿದೆ. ಅವನು ತಲೆಯಾಡಿಸಿದ. ಗಂಗಮ್ಮ ಆ ದಿನ ಹೊರಗೆ ಬರಲಿಲ್ಲ. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ಕ್ಷಮಿಸಿದೆ ಎಂದು ಇಬ್ಬರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವರು ಕಳೆದುಕೊಂಡ ಏಳು ವರ್ಷಕ್ಕೆ ನನ್ನ ಒಂದು ದಿನದ ನಾಚಿಕೆ ಯಾವ ಲೆಕ್ಕ?

ಕಳೆದ ತಿಂಗಳು ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಆ ಹಳ್ಳಿಯ ಒಬ್ಬ ಯುವಕ ಸಿಕ್ಕಿದ್ದ. ಮಾತಿಗೆ ಮಾತು ಬಂದು, ‘ನಮ್ಮ ಪಂಚಾಯ್ತಿ ಆಫೀಸು ಕಟ್ಟುವಾಗ ಒಬ್ಬ ಮುದುಕ ಕುಡಿದು ಗೋಡೆ ಬೀಳಿಸಿದ್ನಂತೆ’ ಎಂದ. ಅಲ್ಲೇ ನಿಂತು ಅವನಿಗೂ ಹೇಳಿದೆ. ಅವನ ಬಸ್ಸು ಹೊರಟಿತ್ತು. ಎಷ್ಟು ಕೇಳಿಸಿಕೊಂಡನೋ ಗೊತ್ತಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಊರಿನ ವಾಚನಾಲಯಕ್ಕೆ ಈ ಪತ್ರಿಕೆ ಬರುತ್ತದೆ ಎಂದು ಅದೇ ಯುವಕ ಅದಕ್ಕೂ ಮೊದಲು ಹೇಳಿದ್ದ. ನಾನು ಊರಿನ ಹೆಸರು ಬರೆದಿಲ್ಲ, ಆದರೆ ಆ ಊರಿನವರಿಗೆ ಓದಿದ ಕೂಡಲೇ ತಿಳಿಯುತ್ತದೆ. ದಯವಿಟ್ಟು ಪಕ್ಕದಲ್ಲಿದ್ದವರಿಗೂ ಕೇಳುವಂತೆ ಓದಿ. ದುರುಗಪ್ಪ ಕುಡಿದಿರಲಿಲ್ಲ. ಎಳೀರಿ ಎಂದವನು ನಾನು.